ರೇರಾ ಏಜೆಂಟ್ ನಂಬರ್ ಮಾಡಿಸಿದ್ದು: ದಾವಣಗೆರೆಯ ಒಂದು ಆಡಿಟರ್ ಆಫೀಸಿಗೆ ನಾಲ್ಕು ಸ್ಟಾರ್

ಸೈಟ್ ವ್ಯಾಪಾರ ಮಾಡೋರು ನಮ್ಮ ದಾವಣಗೆರೆಯಲ್ಲಿ ಬೀದಿಗೊಬ್ಬರು ಸಿಗ್ತಾರೆ. ಹದಡಿ ರಸ್ತೆಯ ಯಾವುದಾದ್ರೂ ಟೀ ಅಂಗಡಿ ಮುಂದೆ ನಿಂತು "ಶಾಮನೂರು ಕಡೆ ಒಂದು ಥರ್ಟಿ ಫಾರ್ಟಿ ನೋಡ್ತಿದೀವಿ" ಅಂತ ಸ್ವಲ್ಪ ಜೋರಾಗಿ ಅನ್ನಿ ಸಾಕು, ಲೋಟ ಕೆಳಗಿಡೋದ್ರೊಳಗೆ ವಿಸಿಟಿಂಗ್ ಕಾರ್ಡ್ ಕೈಗೆ ಬಂದಿರುತ್ತೆ. ಕಾರ್ಡಿನ ಮೇಲೆ ಮನೆದೇವರ ಫೋಟೋ ಇರುತ್ತೆ, ಎರಡು ಮೊಬೈಲ್ ನಂಬರ್ ಇರುತ್ತೆ, ರೇರಾ ನಂಬರ್, ಅಂದ್ರೆ ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸೋ ಕಾಯ್ದೆಯಡಿ ಸಿಗೋ ಏಜೆಂಟ್ ನೋಂದಣಿ ನಂಬರ್, ಮಾತ್ರ ಇರಲ್ಲ. ನನ್ನ ಕಾರ್ಡಲ್ಲಿ ಇದೆ. ಅದನ್ನ ಮಾಡಿಸಿಕೊಟ್ಟ ಆಡಿಟರ್ ಆಫೀಸಿನ ಬಗ್ಗೆ, ಅದಕ್ಕೂ ಮುಂಚೆ ನನ್ನ ಬೆನ್ನು ಹತ್ತಿದ್ದ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಬಗ್ಗೆ ಬರೀತಿದೀನಿ. ಇಬ್ಬರ ಹೆಸರೂ ಹಾಕಲ್ಲ. ಆಡಿಟರ್‌ಗೆ ನನ್ನ ಪ್ರಚಾರ ಬೇಕಾಗಿಲ್ಲ, ಜುಲೈ ತಿಂಗಳಲ್ಲಿ ಅವರ ಮೆಟ್ಟಿಲ ಮೇಲೇ ಜನ ಕೂತಿರ್ತಾರೆ. ಕನ್ಸಲ್ಟೆನ್ಸಿಯವರ ಜೊತೆ ಜಗಳ ನನಗೆ ಬೇಕಾಗಿಲ್ಲ.

ನಾನು ಮೂಲತಃ ಎಲ್‌ಐಸಿ ಏಜೆಂಟ್. ಪಾಲಿಸಿ ಮಾಡಿಸಿದೋರೇ ಆಮೇಲೆ "ಅಕ್ಕಾರೇ, ಎಲ್ಲಾದ್ರೂ ಒಂದು ಸೈಟ್ ಇದ್ರೆ ಹೇಳ್ರಿ" ಅಂತ ಕೇಳೋಕೆ ಶುರು ಮಾಡಿದ್ರು. ಮೊದಮೊದಲು ನಿಟ್ಟುವಳ್ಳಿ, ಕೆಟಿಜೆ ನಗರದ ಕಡೆ ಹಳೇ ಮನೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋ ಸೈಟು, ಅಷ್ಟೇ ನನ್ನ ವ್ಯಾಪಾರ. ಆಮೇಲೆ ಹೊಸ ಲೇಔಟ್ ಮಾಡಿದ ಒಬ್ಬ ಡೆವಲಪರ್ "ಮೇಡಂ, ನಮ್ಮ ಸೈಟ್ ನೀವೂ ಮಾರ್ರಿ, ಆದ್ರೆ ರೇರಾ ನಂಬರ್ ಇಲ್ದೆ ನಮ್ಮ ಬುಕ್‌ನಾಗೆ ನಿಮ್ಮ ಹೆಸರು ಬರೆಯಂಗಿಲ್ಲ" ಅಂದ್ರು. ಅಲ್ಲಿಂದ ಈ ಓಡಾಟ.

ಬೆಂಗಳೂರಿನ ಕನ್ಸಲ್ಟೆನ್ಸಿ ನನಗೆ ಸಿಕ್ಕಿದ್ದು ಫೇಸ್‌ಬುಕ್ ಜಾಹೀರಾತಲ್ಲಿ. ಫೋನ್ ಎತ್ತಿದ ಹುಡುಗಿ ತುಂಬಾ ಸಿಹಿಯಾಗಿ ಮಾತಾಡಿದ್ಲು. ಮನೆ ಮಾರ್ಸೋರು, ಜಮೀನು ಮಾರ್ಸೋರು, ಬಾಡಿಗೆಗೆ ಮನೆ ಹುಡುಕಿಕೊಡೋರು, ಎಲ್ಲರಿಗೂ ಲೈಸೆನ್ಸ್ ಕಡ್ಡಾಯ, ಇಲ್ದಿದ್ರೆ ದಿನಕ್ಕೆ 10,000 ದಂಡ, ಇವತ್ತೇ ಅಡ್ವಾನ್ಸ್ ಹಾಕಿ ಅಂದ್ಲು. ದಂಡದ ಮಾತು ಸುಳ್ಳಲ್ಲ. ಉಳಿದದ್ದು ಹೆದರಿಸೋಕೆ ಹೇಳಿದ್ದು.

ಇದನ್ನ ನನಗೆ ಬಿಡಿಸಿ ಹೇಳಿದೋರು ಆಡಿಟರ್. ರೇರಾ ಅಂದ್ರೆ 2016ರ ಕೇಂದ್ರ ಕಾಯ್ದೆ. ಕರ್ನಾಟಕದ ನಿಯಮ ಬಂದಿದ್ದು 2017ರ ಜುಲೈನಲ್ಲಿ. ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ರೇರಾದಲ್ಲಿ ನೋಂದಣಿ ಆದ ಪ್ರಾಜೆಕ್ಟಿನ ಸೈಟನ್ನೋ ಫ್ಲ್ಯಾಟನ್ನೋ ಡೆವಲಪರ್ ಮಾರುವಾಗ ನಡುವೆ ನಿಂತು ಕೊಡಿಸೋರಿಗೆ ಏಜೆಂಟ್ ನೋಂದಣಿ ಬೇಕು. ವಿದ್ಯಾನಗರದಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರು ತಮ್ಮ ಹಳೇ ಮನೆ ಮಾರ್ತಾರೆ, ನೀವು ಗಿರಾಕಿ ಕರ್ಕೊಂಡು ಹೋಗ್ತೀರಿ ಅಂದ್ರೆ ಅದು ಈ ಲೆಕ್ಕಕ್ಕೆ ಬರಲ್ಲ. ಆವರಗೆರೆ ಆಚೆಯ ಹೊಲದ ವ್ಯಾಪಾರವೂ ಬರಲ್ಲ. ಹಾಗಂತ ಹೊಸ ಲೇಔಟ್ ಚಿಕ್ಕದು, ನೋಂದಣಿ ಬೇಡ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಜಾಗ 500 ಚದರ ಮೀಟರ್ ದಾಟಿದ್ರೆ ಪ್ರಾಜೆಕ್ಟ್ ನೋಂದಣಿ ಆಗಲೇಬೇಕು. 500 ಚದರ ಮೀಟರ್ ಅಂದ್ರೆ ಹೆಚ್ಚುಕಮ್ಮಿ 5 ಗುಂಟೆ. ನಮ್ಮೂರಲ್ಲಿ 5 ಗುಂಟೆಯಲ್ಲಿ ಲೇಔಟ್ ಮಾಡಿದ ಪುಣ್ಯಾತ್ಮನನ್ನ ನಾನಂತೂ ನೋಡಿಲ್ಲ.

"ದೂಡಾ ಅಪ್ರೂವ್ಡ್ ಐತಲ್ಲ, ರೇರಾ ಯಾಕೆ?" ಅಂತ ಕೇಳೋರು ಇನ್ನೂ ಇದ್ದಾರೆ. ನಕ್ಷೆ ಒಪ್ಪೋದು ದೂಡಾ, ಅಂದ್ರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಮಾರೋಕೆ, ಜಾಹೀರಾತು ಕೊಡೋಕೆ ಮುಂಚೆ ಬೇಕಾಗಿರೋದು ರೇರಾ ನೋಂದಣಿ. ಒಂದು ಇದ್ರೆ ಇನ್ನೊಂದು ತಾನಾಗೇ ಬರಲ್ಲ. ಏಜೆಂಟ್ ಆದೋರು ನೋಂದಣಿ ಇಲ್ಲದ ಪ್ರಾಜೆಕ್ಟಿಗೆ ಕೈ ಹಾಕೋ ಹಾಗಿಲ್ಲ, ಅದು 10ನೇ ಸೆಕ್ಷನ್.

ಈಗ ಆಫೀಸಿನ ಕಥೆಗೆ ಬರ್ತೀನಿ. ಅಶೋಕ ರಸ್ತೆ ಕಡೆ ಒಂದು ಹಳೇ ಕಟ್ಟಡದ ಮೊದಲ ಮಹಡಿ. ಕೆಳಗೆ ಸ್ಟೀಲ್ ಪಾತ್ರೆ ಅಂಗಡಿ. ಮೇಲೆ ಆಡಿಟರ್, ಅವರ ಇಬ್ಬರು ಹುಡುಗರು, ಗೋಡೆ ತುಂಬಾ ನೂಲು ಕಟ್ಟಿದ ಫೈಲು. ನನ್ನ ಕೆಲಸ ನೋಡಿದ್ದು ಹರಪನಹಳ್ಳಿ ಕಡೆಯ ಒಬ್ಬ ಬಿ.ಕಾಂ ಹುಡುಗ. ಅವನು ನನ್ನ ಪ್ಯಾನ್ ಕಾರ್ಡನ್ನೂ ಆಧಾರನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟು, ಸ್ಕೇಲ್ ಹಿಡಿದು ಒಂದೊಂದು ಅಕ್ಷರ ನೋಡಿದ. ಪ್ಯಾನ್‌ನಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಇನಿಷಿಯಲ್. ಆಧಾರ್‌ನಲ್ಲಿ ಮದುವೆ ಆದ್ಮೇಲೆ ಬಂದ ಗಂಡನ ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇನ್ನೂ ಬೇರೆ.

"ಅಕ್ಕಾರೇ, ಇದನ್ನ ಹಿಂಗೇ ಹಾಕಿದ್ರೆ ಆಮೇಲೆ ಸರ್ಟಿಫಿಕೇಟ್‌ನಾಗೆ ಯಾವ ಹೆಸರು ಬರ್ತತೋ ಆ ಹೆಸರಿಗೇ ಡೆವಲಪರ್ ಚೆಕ್ ಬರೀತಾನೆ. ನಿಮ್ಮ ಬ್ಯಾಂಕ್ ಪಾಸ್‌ಬುಕ್‌ನಾಗೆ ಯಾವ ಹೆಸರು ಐತೆ?"

ಪಾಸ್‌ಬುಕ್‌ನಲ್ಲಿ ಆಧಾರ್ ಹೆಸರು ಇತ್ತು. ಮೊದಲು ಪ್ಯಾನ್ ತಿದ್ದಿಸಿ, ಅದು ಬಂದ ಮೇಲೆ ಅರ್ಜಿ ಹಾಕೋಣ ಅಂದ. ಕನ್ಸಲ್ಟೆನ್ಸಿಯವರು ಇದೇ ಕಾಗದಗಳನ್ನ ವಾಟ್ಸಾಪ್‌ನಲ್ಲಿ ತರಿಸಿಕೊಂಡು "ಎಲ್ಲಾ ಸರಿ ಇದೆ ಮೇಡಂ" ಅಂದಿದ್ರು. ಮದುವೆ ಆದ ಹೆಣ್ಣುಮಕ್ಕಳು ಯಾರೇ ಈ ಕೆಲಸಕ್ಕೆ ಇಳಿದ್ರೂ ಮೊದಲು ಈ ಮೂರು ಕಾರ್ಡು ಜೋಡಿಸಿ ನೋಡ್ಕೊಳ್ಳಿ. ಈ ಹುಡುಗನ ಸ್ಕೇಲಿಗೇ ಒಂದು ಸ್ಟಾರ್ ಕೊಡಬಹುದು.

ಕಾಗದಪತ್ರ ದೊಡ್ಡ ಪಟ್ಟಿ ಏನಲ್ಲ. ಅರ್ಜಿ ನಮೂನೆ ಜಿ, ಆನ್‌ಲೈನ್‌ನಲ್ಲೇ ತುಂಬೋದು. ಫೋಟೋ, ಪ್ಯಾನ್, ವ್ಯವಹಾರ ಮಾಡೋ ಜಾಗದ ವಿಳಾಸಕ್ಕೆ ದಾಖಲೆ, ಹಿಂದಿನ ಮೂರು ವರ್ಷದ ಐಟಿ ರಿಟರ್ನ್. ರಿಟರ್ನ್ ಸಲ್ಲಿಸೋ ಅಗತ್ಯ ಇಲ್ಲದೋರು ಅದನ್ನೇ ಬರೆದು ಘೋಷಣೆ ಕೊಡ್ತಾರೆ. ಎಲ್‌ಐಸಿ ಕಮಿಷನ್‌ನಲ್ಲಿ ಟಿಡಿಎಸ್, ಅಂದ್ರೆ ದುಡ್ಡು ಕೊಡುವಾಗ್ಲೇ ಮುರಿಯೋ ತೆರಿಗೆ, ಹಿಡಿಯೋದ್ರಿಂದ ನಾನು ವರ್ಷಾವರ್ಷ ರಿಟರ್ನ್ ಹಾಕ್ತಾನೇ ಇದ್ದೆ, ಅದು ಇಲ್ಲಿ ಉಪಯೋಗಕ್ಕೆ ಬಂತು. ವ್ಯವಹಾರದ ಜಾಗ ಅಂತ ನಮ್ಮ ಮನೆ ಮುಂದಿನ ಕೋಣೆಯನ್ನೇ ತೋರಿಸಿದ್ವಿ.

ಒಂದು ವಿಷಯ ಮಾತ್ರ ಒತ್ತಿ ಹೇಳ್ಬೇಕು. ಪೋರ್ಟಲ್‌ನಲ್ಲಿ ನಿಮ್ಮ ಹೆಸರಲ್ಲಿ ಖಾತೆ ತೆರೆಯುವಾಗ ಯಾರ ಮೊಬೈಲ್ ನಂಬರ್, ಯಾರ ಇಮೇಲ್ ಹಾಕ್ತಾರೆ ಅಂತ ಪಕ್ಕದಲ್ಲೇ ಕೂತು ನೋಡಿ. ಕನ್ಸಲ್ಟೆನ್ಸಿಯವರು "ನಮ್ಮ ಆಫೀಸ್ ನಂಬರ್ ಹಾಕ್ತೀವಿ, ನಿಮಗೆ ಒಟಿಪಿ ತಲೆನೋವು ಬೇಡ" ಅಂದಿದ್ರು. ಕೇಳೋಕೆ ಉಪಕಾರದ ಹಾಗೇ ಇರುತ್ತೆ. ನಾಳೆ ವಿಳಾಸ ಬದಲಿಸ್ಬೇಕು, ಸರ್ಟಿಫಿಕೇಟ್ ಮತ್ತೆ ಇಳಿಸ್ಬೇಕು, ನವೀಕರಣ ಮಾಡ್ಬೇಕು ಅಂದ್ರೆ ಪ್ರತಿ ಸಲ ಅವರ ಕಾಲಿಗೇ ಬೀಳ್ಬೇಕು. ನಮ್ಮ ಹುಡುಗ ನನ್ನ ನಂಬರೇ ಹಾಕಿ, ಪಾಸ್‌ವರ್ಡನ್ನ ನನ್ನ ಕೈಯಲ್ಲೇ ಟೈಪ್ ಮಾಡಿಸಿದ. ತಾನು ಆ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದ.

ದುಡ್ಡಿನ ಲೆಕ್ಕ. ಸರ್ಕಾರದ ಶುಲ್ಕ ಒಬ್ಬ ವ್ಯಕ್ತಿಗೆ 25,000 ರೂಪಾಯಿ, ಐದು ವರ್ಷಕ್ಕೆ. ಆಡಿಟರ್ ತಮ್ಮ ಕೆಲಸಕ್ಕೆ 4,000 ತಗೊಂಡ್ರು, ರಸೀದಿ ಕೊಟ್ರು. ಕನ್ಸಲ್ಟೆನ್ಸಿಯವರು ಶುಲ್ಕ ಸೇರಿಸಿ 48,000 ಹೇಳಿದ್ರು. ಒಳಗೆ ಏನೇನು ಸೇರಿದೆ ಅಂತ ಕೇಳಿದ್ರೆ "ಪ್ಯಾಕೇಜ್ ಮೇಡಂ" ಅನ್ನೋದು ಬಿಟ್ರೆ ಬೇರೆ ಉತ್ತರ ಬರಲಿಲ್ಲ.

25,000 ಜಾಸ್ತಿನಾ ಅಂತ ಕೇಳಿದ್ರೆ, ನೀವು ಏನು ಮಾರ್ತೀರಿ ಅನ್ನೋದರ ಮೇಲೆ ಹೋಗುತ್ತೆ. 1,200 ಚದರಡಿ ಸೈಟು, ಅಡಿಗೆ 2,000 ಅಂತ ಇಟ್ಕೊಳ್ಳಿ, 24 ಲಕ್ಷ. ಎರಡು ಪರ್ಸೆಂಟ್ ಕಮಿಷನ್ ಅಂದ್ರೆ 48,000. ಅದರಲ್ಲಿ ಡೆವಲಪರ್ ಟಿಡಿಎಸ್ ಹಿಡೀತಾನೆ. 2024ರ ಅಕ್ಟೋಬರ್‌ವರೆಗೂ 5 ಪರ್ಸೆಂಟ್ ಇದ್ದದ್ದು ಆಮೇಲೆ 2ಕ್ಕೆ ಇಳೀತು. 960 ರೂಪಾಯಿ ಹೋಗಿ 47,040 ಕೈಗೆ. ಒಂದೇ ಸೈಟಿನಲ್ಲಿ ಹಾಕಿದ್ದೆಲ್ಲಾ ವಾಪಸ್. ಅದೇ ನಂಬರ್ ಇಲ್ದೆ ಮಾರಿ ಸಿಕ್ಕಿಬಿದ್ರೆ 62ನೇ ಸೆಕ್ಷನ್: ದಿನಕ್ಕೆ 10,000, ಒಟ್ಟು ಆಸ್ತಿ ಬೆಲೆಯ 5 ಪರ್ಸೆಂಟ್‌ವರೆಗೆ. ಇದೇ 24 ಲಕ್ಷಕ್ಕೆ 1,20,000, ಹನ್ನೆರಡು ದಿನಕ್ಕೆ ಮುಟ್ಟಿಬಿಡುತ್ತೆ. ಆದ್ರೆ ವರ್ಷಕ್ಕೆ ಒಂದೋ ಎರಡೋ ಹಳೇ ಮನೆ ಮಾರ್ಸಿ ಕೈಖರ್ಚಿಗೆ ದುಡಿಯೋರು ನೀವಾಗಿದ್ರೆ ಆ 25,000ನ ಬ್ಯಾಂಕಲ್ಲೇ ಇಡಿ. ಇದನ್ನ ಆಡಿಟರೇ ನನಗೆ ಮೊದಲು ಹೇಳಿದ್ದು. "ಮೇಡಂ, ನೀವು ಲೇಔಟ್ ಸೈಟ್ ಮಾರೋದು ಖಾತ್ರಿನಾ? ಖಾತ್ರಿ ಇದ್ರೆ ಮಾತ್ರ ಕೂತ್ಕೊಳ್ಳಿ" ಅಂದ್ರು. ಬಂದ ಗಿರಾಕಿಯನ್ನ ಎಬ್ಬಿಸಿ ಕಳಿಸೋಕೆ ತಯಾರಿರೋ ಆಫೀಸು ಅಪರೂಪ.

ಅರ್ಜಿ ಹಾಕಿದ ಕೂಡಲೇ ಒಂದು ಸ್ವೀಕೃತಿ ಸಂಖ್ಯೆ ಬರುತ್ತೆ. ಅದು ಎಸಿಕೆ ಅಂತ ಶುರುವಾಗುತ್ತೆ. ನೋಂದಣಿ ಆದ ಮೇಲೆ ಬರೋ ನಂಬರ್ ಪಿಆರ್‌ಎಂ ಅಂತ ಶುರುವಾಗಿ, ನಡುವೆ ಎಜಿ ಅಂತ ಇರುತ್ತೆ. ಪ್ರಾಜೆಕ್ಟ್ ನಂಬರ್ ಆದ್ರೆ ಅದೇ ಜಾಗದಲ್ಲಿ ಪಿಆರ್. ನಮ್ಮೂರಲ್ಲಿ ಒಬ್ಬ ಮಹಾನುಭಾವ ಎಸಿಕೆ ನಂಬರನ್ನೇ ಫ್ಲೆಕ್ಸ್ ಮೇಲೆ ದೊಡ್ಡದಾಗಿ ಹಾಕ್ಕೊಂಡಿದ್ದ. ಇನ್ನೊಬ್ಬ ಡೆವಲಪರ್‌ನ ಪ್ರಾಜೆಕ್ಟ್ ನಂಬರ್ ತನ್ನ ಕಾರ್ಡಿಗೆ ಹಾಕಿ "ನಂದೂ ರೇರಾ ಐತೆ" ಅಂತಿದ್ದ. ಸೈಟ್ ತಗೊಳ್ಳೋರು ಈ ಎರಡಕ್ಷರ ನೋಡಿದ್ರೆ ಸಾಕು, ಕರ್ನಾಟಕ ರೇರಾ ಪೋರ್ಟಲ್‌ನಲ್ಲಿ ಏಜೆಂಟ್ ಹೆಸರು, ಪ್ರಾಜೆಕ್ಟ್ ಹೆಸರು ಯಾರು ಬೇಕಾದ್ರೂ ಹುಡುಕಬಹುದು, ದುಡ್ಡು ಕೊಡ್ಬೇಕಾಗಿಲ್ಲ. ಅರ್ಜಿಗೆ 30 ದಿನದೊಳಗೆ ಉತ್ತರ ಕೊಡ್ಬೇಕು ಅನ್ನೋ ನಿಯಮ ಇದೆ. ನನ್ನದು ಸುಸೂತ್ರವಾಗಿ ಬಂತು, ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದೀನಿ. ನಂಬರನ್ನ ಆಫೀಸಲ್ಲಿ ಕಾಣೋ ಹಾಗೆ ಹಾಕ್ಬೇಕು, ಮಾರಿದ ಪ್ರತಿ ಸೈಟಿನ ಕಾಗದದಲ್ಲೂ ನಮೂದಿಸ್ಬೇಕು.

ಲೆಕ್ಕದ ಪುಸ್ತಕ ಇಡೋದೂ ಕಡ್ಡಾಯ. ಆ ಹುಡುಗ ಒಂದು ಉದ್ದ ನೋಟ್‌ಬುಕ್ ತಂದು ತಾನೇ ಗೆರೆ ಹೊಡೆದು ಕೊಟ್ಟ: ತಾರೀಕು, ಪ್ರಾಜೆಕ್ಟ್ ನಂಬರ್, ಸೈಟ್ ನಂಬರ್, ತಗೊಂಡೋರ ಹೆಸರು, ಕಮಿಷನ್, ಟಿಡಿಎಸ್. ಕೊನೇ ಕಾಲಂಗೆ "ಮಾತು" ಅಂತ ಬರೆದ. ಏನಪ್ಪಾ ಇದು ಅಂದ್ರೆ, "ಪಾರ್ಕ್ ಬರ್ತತೆ, ನೀರಿನ ಟ್ಯಾಂಕ್ ಬರ್ತತೆ ಅಂತ ನೀವು ಗಿರಾಕಿಗೆ ಏನೇನು ಹೇಳಿರ್ತೀರೋ ಅದನ್ನ ಇಲ್ಲಿ ಬರ್ಕೊಳ್ಳಿ ಅಕ್ಕಾರೇ. ಸುಳ್ಳು ಹೇಳಿ ಮಾರಿದ್ರೆ ಡೆವಲಪರ್ ಮೇಲಷ್ಟೇ ಅಲ್ಲ, ಏಜೆಂಟ್ ಮೇಲೂ ರೇರಾಕ್ಕೆ ದೂರು ಕೊಡಬಹುದು" ಅಂದ. ನನ್ನ ಮಗನ ವಯಸ್ಸು ಅವನದು.

ಇನ್ನು ಅಪ್‌ಗ್ರೇಡ್ ವಿಚಾರ. ವ್ಯಾಪಾರ ಸ್ವಲ್ಪ ಕುದುರಿದ ಮೇಲೆ ನನ್ನ ತಮ್ಮನ ಹೆಂಡತಿಯೂ ಜೊತೆಗೆ ಬಂದ್ಲು. ಇಬ್ಬರೂ ಸೇರಿ ಒಂದು ಪಾರ್ಟ್‌ನರ್‌ಶಿಪ್ ಫರ್ಮ್ ಮಾಡೋಣ, ಬೋರ್ಡ್ ಹಾಕೋಣ ಅಂತ ಆಸೆ. ಅಷ್ಟರಲ್ಲಿ ಅದೇ ಬೆಂಗಳೂರಿನ ಕನ್ಸಲ್ಟೆನ್ಸಿಯಿಂದ ಮತ್ತೆ ಫೋನು. "ಮೇಡಂ, ನಿಮ್ಮ ಇಂಡಿವಿಜುವಲ್ ಲೈಸೆನ್ಸನ್ನ ಫರ್ಮ್ ಲೈಸೆನ್ಸಿಗೆ ಅಪ್‌ಗ್ರೇಡ್ ಮಾಡ್ಕೊಡ್ತೀವಿ, ಹಳೇ ಶುಲ್ಕ ಅಡ್ಜಸ್ಟ್ ಆಗುತ್ತೆ." ಅಡ್ಜಸ್ಟ್ ಅನ್ನೋ ಮಾತಿಗೆ ನನ್ನ ನಾದಿನಿ ಆಗ್ಲೇ ಬೋರ್ಡಿನ ಬಣ್ಣ ಆರಿಸೋಕೆ ಕೂತಿದ್ಲು.

ಆಡಿಟರ್ ಹತ್ರ ಹೋಗಿ ಕೇಳಿದ್ವಿ. ಅವರು ನಿಯಮದ ಪುಸ್ತಕ ತೆಗೆದು ಶುಲ್ಕದ ಸಾಲು ತೋರಿಸಿದ್ರು: ವ್ಯಕ್ತಿಗೆ 25,000, ವ್ಯಕ್ತಿ ಅಲ್ಲದ ಯಾರಿಗೇ ಆದ್ರೂ, ಫರ್ಮ್ ಇರ್ಲಿ ಕಂಪನಿ ಇರ್ಲಿ, 2 ಲಕ್ಷ. ನನ್ನ ನಂಬರ್ ನನ್ನ ಪ್ಯಾನ್‌ಗೆ ಅಂಟಿಕೊಂಡಿದ್ದು. ಫರ್ಮ್‌ಗೆ ಬೇರೆ ಪ್ಯಾನ್, ಪಾರ್ಟ್‌ನರ್‌ಶಿಪ್ ಡೀಡ್, ಹೊಸ ಅರ್ಜಿ, ಪೂರ್ತಿ 2 ಲಕ್ಷ. ಹಳೇ 25,000 ಅಡ್ಜಸ್ಟ್ ಆಗೋ ದಾರಿ ಇಲ್ಲ. ಇಬ್ಬರೇ ಇದ್ರೆ ನಾದಿನಿ ಇನ್ನೊಂದು 25,000 ಕಟ್ಟಿ ತನ್ನದೇ ನಂಬರ್ ಮಾಡಿಸಿಕೊಳ್ಳಲಿ, ಇಬ್ಬರದೂ ಸೇರಿ 50,000ಕ್ಕೆ ಮುಗಿಯುತ್ತೆ, ಕಮಿಷನ್ ಅವರವರ ಖಾತೆಗೆ ಬರುತ್ತೆ, ನಾಳೆ ಮನಸ್ತಾಪ ಬಂದ್ರೂ ಲೆಕ್ಕ ಬೇರೆ ಬೇರೆ ಇರುತ್ತೆ ಅಂದ್ರು. ಕೊನೇ ಮಾತು ಹೇಳುವಾಗ ನಮ್ಮಿಬ್ಬರ ಮುಖ ನೋಡಲಿಲ್ಲ, ಪುಸ್ತಕ ಮುಚ್ಚುತ್ತಾ ಹೇಳಿದ್ರು. ಹತ್ತಾರು ಜನರನ್ನ ಕೆಲಸಕ್ಕೆ ಇಟ್ಕೊಂಡು ದೊಡ್ಡ ಮಟ್ಟದಲ್ಲಿ ಮಾಡೋರಿಗೆ ಫರ್ಮ್ ಸರಿ. ನಮ್ಮಂಥ ನಾದಿನಿ-ಅತ್ತಿಗೆಗೆ ಬೇಡ. ಫರ್ಮ್ ಮಾಡಿಸಿದ್ರೆ ಆಡಿಟರ್‌ಗೂ ಡೀಡಿನ ಫೀಸು, ವರ್ಷಾವರ್ಷ ಫರ್ಮ್ ರಿಟರ್ನಿನ ಫೀಸು ಸಿಗ್ತಿತ್ತು. ಅದನ್ನ ಬಿಟ್ಟು ಈ ಸಲಹೆ ಕೊಟ್ರು ಅನ್ನೋದೇ ಈ ವಿಮರ್ಶೆ ಬರೆಯೋಕೆ ಕಾರಣ.

ಈ ಇಡೀ ವ್ಯವಸ್ಥೆಯಲ್ಲಿ ನನಗೆ ಒಗ್ಗದೇ ಇರೋದು ಒಂದೇ. ನಾನು ದುಡ್ಡು ಕಟ್ಟಿದೆ, ಕಾಗದ ಕೊಟ್ಟೆ, ನಂಬರ್ ಬಂತು. ಯಾರೂ ನನಗೆ ಒಂದು ಪ್ರಶ್ನೆ ಕೇಳಲಿಲ್ಲ. ವಿಮೆ ಮಾರೋಕೆ ತರಬೇತಿಗೆ ಕೂತು ಪರೀಕ್ಷೆ ಬರೆದೋಳು ನಾನು. ಮಹಾರಾಷ್ಟ್ರದವರು 2023ರಲ್ಲಿ ರೇರಾ ಏಜೆಂಟ್‌ಗಳಿಗೆ ತರಬೇತಿ, ಪರೀಕ್ಷೆ ಎರಡನ್ನೂ ತಂದ್ರು. ಕ್ಯಾಲಿಫೋರ್ನಿಯಾದಲ್ಲಿರೋ ನನ್ನ ತಂಗಿ ಮಗ ಹೇಳೋ ಪ್ರಕಾರ ಅಲ್ಲಿ ಮೊದಲು ಸೇಲ್ಸ್‌ಪರ್ಸನ್ ಲೈಸೆನ್ಸು, ಒಬ್ಬ ಬ್ರೋಕರ್ ಕೈಕೆಳಗೆ ಕೆಲಸ, ಎರಡು ವರ್ಷದ ಅನುಭವ ಆದ ಮೇಲೆ ಬ್ರೋಕರ್ ಪರೀಕ್ಷೆ. ಅದಕ್ಕೆ ಮೇಲೇರೋದು ಅನ್ನಬಹುದು. ನಮ್ಮಲ್ಲಿ 25,000ಕ್ಕೂ 2 ಲಕ್ಷಕ್ಕೂ ಇರೋದು ದುಡ್ಡಿನ ವ್ಯತ್ಯಾಸ. ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವ ಇದನ್ನ ಕೇಳಿ, "ಮೆಕ್ಕೆಜೋಳ ಮಾರ್ಸೋಕೆ ನಾವು ಆವಾಗ್ಲೇ ಲೈಸೆನ್ಸ್ ತಗೊಂಡಿದ್ವಿ. ನೀವು ಮಣ್ಣು ಮಾರ್ಸೋರು ಈಗ ಎದ್ದೀರಿ" ಅಂದ್ರು.

ಪರೀಕ್ಷೆ ಇಟ್ಟಿದ್ರೆ ಕನಿಷ್ಠ ಎರಡು ಪ್ರಶ್ನೆಯಾದ್ರೂ ಕೇಳ್ಬೇಕು. ಒಂದು, ಡೆವಲಪರ್ ಸೈಟಿನ ಬೆಲೆಯ ಎಷ್ಟು ಭಾಗ ತಗೊಂಡ ಮೇಲೆ ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸ್ಬೇಕು? ಉತ್ತರ, ಹತ್ತು ಪರ್ಸೆಂಟ್. ರಿಜಿಸ್ಟರ್ ಆಗದೆ ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳೋ ಹಾಗಿಲ್ಲ. ಎರಡು, ಟೋಕನ್ ಅಡ್ವಾನ್ಸ್ ನಗದಿನಲ್ಲಿ ಎಷ್ಟು ತಗೊಬಹುದು? 20,000 ಮುಟ್ಟುವ ಹಾಗಿಲ್ಲ, ಮುಟ್ಟಿದ್ರೆ ತಗೊಂಡೋರಿಗೆ ಅಷ್ಟೇ ಮೊತ್ತದ ದಂಡ. ಬಿಳಿ ಹಾಳೆ ಮೇಲೆ ರೆವಿನ್ಯೂ ಸ್ಟಾಂಪ್ ಅಂಟಿಸಿ ಲಕ್ಷ ಲಕ್ಷ ನಗದು ಎಣಿಸಿಕೊಳ್ಳೋ ನಮ್ಮ ಮಂದಿ ಎಷ್ಟು ಜನ ಪಾಸಾಗ್ತಾರೋ ನೋಡ್ಬೇಕು.

ಐದನೇ ಸ್ಟಾರ್ ಯಾಕೆ ಕೊಟ್ಟಿಲ್ಲ ಅಂದ್ರೆ, ಆ ಆಫೀಸಿನವರು ಫೋನ್ ಎತ್ತಲ್ಲ. ವಾಟ್ಸಾಪ್‌ಗೆ ನೀಲಿ ಗೆರೆ ಬೀಳುತ್ತೆ, ಉತ್ತರ ಬರಲ್ಲ. ಮೆಟ್ಟಿಲು ಕಡಿದಾಗಿದೆ, ವಯಸ್ಸಾದೋರಿಗೆ ಕಷ್ಟ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ; ಕೆಳಗಿನ ಪಾತ್ರೆ ಅಂಗಡಿ ಮುಂದೆ ನಿಲ್ಲಿಸಿದ್ರೆ ಅವರ ಬಾಯಿಗೆ ಸಿಕ್ತೀರಿ. ಆಡಿಟರ್ ಒಳಗಿದ್ರೂ ಹುಡುಗರು "ಸರ್ ಇಲ್ಲ" ಅಂತಾರೆ, ಆಮೇಲೆ ಒಳಗಿಂದ ಕೆಮ್ಮು ಕೇಳಿಸುತ್ತೆ.

ಹೋಗೋದಾದ್ರೆ ಬೆಳಿಗ್ಗೆ ಹನ್ನೊಂದರ ನಂತರ, ಊಟಕ್ಕೆ ಮುಂಚೆ ಹೋಗಿ. ಜುಲೈನಲ್ಲಿ ರಿಟರ್ನ್ ಗಲಾಟೆ, ಆ ತಿಂಗಳು ಬೇಡ. ಪ್ಯಾನ್, ಆಧಾರ್, ಪಾಸ್‌ಬುಕ್ ಮೂರರ ಅಸಲು, ಕರೆಂಟ್ ಬಿಲ್ಲು, ಮೂರು ವರ್ಷದ ರಿಟರ್ನ್ ಪ್ರತಿ ಕೈಯಲ್ಲಿರಲಿ. ಮೊಬೈಲ್ ಚಾರ್ಜ್ ಇರಲಿ, ಒಟಿಪಿ ಅಲ್ಲೇ ಬರುತ್ತೆ. ಐದು ವರ್ಷ ಮುಗಿಯೋ ಮೂರು ತಿಂಗಳು ಮೊದಲೇ ನವೀಕರಣಕ್ಕೆ ಹಾಕ್ಬೇಕು, ಆ ತಾರೀಕನ್ನ ಆಫೀಸಿನವರು ನೆನಪು ಮಾಡ್ತಾರೆ ಅಂತ ಕಾಯಬೇಡಿ, ಅವರು ಫೋನ್ ಎತ್ತೋದೂ ಇಲ್ಲ, ಮಾಡೋದೂ ಇಲ್ಲ.